ಮಂಕಾದ ನಿಮಿಷ

ಸ್ಟೈನ್‌ನೆಸ್
೩ ಅಕ್ಟೋಬರ್ ೧೯೫೭

ನಲ್ಮೆಯ ರೌನಾ,

ಇಂದಿನ ಅಂಚೆಯಲ್ಲಿ ನಿನ್ನ ಹೆಸರಿಗೆ ಒಂದು ಮರದ ಪೆಟ್ಟಿಗೆ ಹೊರಟಿದೆ. ಅದರಲ್ಲಿ ಅಚ್ಚಾದ ನಮೂನೆಗಳ ಕಟ್ಟು, ಒಂದು ಡಜನ್ ಪೆನ್ಸಿಲ್ಲು ಮತ್ತು ಒಂದು ಕೈಗಡಿಯಾರವಿದೆ. ಶಾಯಿ ಇಟ್ಟಿಲ್ಲ, ನಿಮ್ಮ ಬಿಡಾರದಲ್ಲಿ ಅದು ನವೆಂಬರಿಗೆ ಮೊದಲೇ ಕಲ್ಲಾಗುತ್ತದೆ. ಗಡಿಯಾರ ನನ್ನದು. ಶಾಲೆಯ ಗಂಟೆ ಬಾರಿಸುವ ಕೆಲಸ ಮುಗಿದ ಮೇಲೆ ಅದು ನನಗಿಂತ ನಿನಗೇ ಹೆಚ್ಚು ಬೇಕು. ವಾರಕ್ಕೊಮ್ಮೆ ನಿನ್ನ ಚಿಕ್ಕಪ್ಪ ಆಸ್ಲಾಕನ ರೇಡಿಯೋಗೆ ಸರಿಹೊಂದಿಸು.

ಈ ವರ್ಷ ಅರವತ್ತಕ್ಕೂ ಹೆಚ್ಚು ದೇಶಗಳು ಒಂದಾಗಿ ಭೂಮಿಯನ್ನು ಅಳೆಯಲು ಹೊರಟಿವೆ. ನಮ್ಮ ಪಾಲಿಗೆ ಬಂದಿರುವುದು ಆಕಾಶ. ಉತ್ತರದ ಬೆಳಕು ಹೇಗೆ ಚಲಿಸುತ್ತದೆ, ಯಾವಾಗ ಹೆಚ್ಚುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ನಲವತ್ತಮೂರು ಠಾಣೆಗಳಿಂದ ಒಂದೇ ಹೊತ್ತಿಗೆ ನೋಡಿ ಬರೆಯಬೇಕಾಗಿದೆ. ಹದಿನೇಳನೆಯ ಠಾಣೆ ನೀನು. ಮಿಕ್ಕವರೆಲ್ಲ ಅಂಚೆ ಮನೆಯವರು, ಪಾದ್ರಿಗಳು, ದೀಪಸ್ತಂಭದವರು. ಹಿಮಸಾರಂಗ ಮೇಯಿಸುವವರ ಮನೆಯಿಂದ ನೀನೊಬ್ಬಳೇ. ನಿನ್ನ ಹೆಸರನ್ನು ಬರೆದುಕೊಟ್ಟವನು ನಾನು. ಬರೆಯುವಾಗ ನನ್ನ ಕೈ ತಡವರಿಸಲಿಲ್ಲ.

ಸಂಜೆ ಆರರಿಂದ ಹನ್ನೊಂದರವರೆಗೆ, ಬಾನು ತಿಳಿಯಾಗಿರುವಾಗಲೆಲ್ಲ, ಐದು ನಿಮಿಷಕ್ಕೊಂದು ಸಾಲು ಬರೆ. ಬೆಳಕಿನ ಆಕಾರ, ಅದು ಇರುವ ದಿಕ್ಕು, ಸರಿಯುತ್ತಿರುವ ದಿಕ್ಕು, ಕೊನೆಗೆ ಅದರ ಕಾಂತಿಗೆ ಒಂದು ಅಂಕಿ. ಒಂದು ಎಂದರೆ ಆಕಾಶಗಂಗೆಯಷ್ಟು ಮಸುಕು; ಎರಡು, ಬೆಳದಿಂಗಳಲ್ಲಿ ತೆಳುಮೋಡ ಹೊಳೆಯುವಷ್ಟು; ಮೂರು, ದಟ್ಟಮೋಡ ಹೊಳೆಯುವಷ್ಟು; ನಾಲ್ಕು ಎಂದರೆ ಹಿಮದ ಮೇಲೆ ನಿನ್ನ ನೆರಳು ಬೀಳುವಷ್ಟು. ನಡುವೆ ನಿಲ್ಲಿಸಬೇಕಾಗಿ ಬಂದರೆ ನಿಲ್ಲಿಸಿದ ನಿಮಿಷವನ್ನು ತಪ್ಪದೆ ಬರೆ. ಕಾಣದ್ದನ್ನು ಬರೆಯಬೇಡ.

ಇನ್ನೊಂದು ಮಾತು. ವೀಕ್ಷಣಾಲಯದ ಡಾಕ್ಟರ್ ವೆಡೆಲ್ ಅವರು ವಸಂತದಲ್ಲಿ ಈ ನಲವತ್ತಮೂರು ಠಾಣೆಗಳಿಂದ ಒಬ್ಬ ಕಿರಿಯ ವೀಕ್ಷಕರನ್ನು ಆರಿಸಿ, ಕೆಲಸವನ್ನೂ ಮುಂದಿನ ಓದನ್ನೂ ಕೊಡಲಿದ್ದಾರೆ. ಅದಕ್ಕೆ ಅವರ ಅಳತೆಗೋಲು ಒಂದೇ: ನಮೂನೆ. ಹತ್ತೊಂಬತ್ತು ವರ್ಷದ ಕಣ್ಣು, ನಿನ್ನಂಥ ತಾಳ್ಮೆ, ಒಂದು ಚಳಿಗಾಲ. ಇಷ್ಟು ಸಾಕೆಂದು ನನ್ನ ದೃಢ ನಂಬಿಕೆ.

ನಿನ್ನ ಮೇಷ್ಟ್ರು,
ಹಲ್ವಾರ್ ಲೇರ್ವಿಕ್


ಚಾಪ್ಪೆಸ್ ಕೆರೆಯ ಚಳಿಗಾಲದ ಬಿಡಾರ
೨೯ ಅಕ್ಟೋಬರ್ ೧೯೫೭

ಗೌರವಾನ್ವಿತ ಮೇಷ್ಟ್ರಿಗೆ,

ಪೆಟ್ಟಿಗೆ ತಲುಪಿತು. ಗಡಿಯಾರವನ್ನು ಅಂಗಿಯೊಳಗೆ ಎದೆಗೆ ತಾಗಿಸಿಕೊಂಡಿರುತ್ತೇನೆ. ಹೊರಗಿಟ್ಟರೆ ಚಳಿಗೆ ನಿಂತುಬಿಡುತ್ತದೆ. ಮೊದಲ ಹದಿನಾರು ಸಂಜೆಗಳ ನಮೂನೆಗಳು ಇದರ ಜೊತೆಗಿವೆ.

ಆಸ್ಲಾಕ್ ಚಿಕ್ಕಪ್ಪನಿಗೆ ದಿನವೂ ನಗು. "ಏನೇ ಹುಡುಗಿ, ನಮ್ಮ ಹಿಂಡು ಎಣಿಸೋದು ಬಿಟ್ಟು ಆಕಾಶ ಎಣಿಸ್ತಾ ಕೂತಿದ್ದೀಯಾ? ಅದರ ಕಿವಿಗೆ ಯಾರ ಮನೆ ಗುರುತು ಕೊಯ್ದಿದ್ದಾರೆ?" ಎಂದ. "ಯಾರದೂ ಇಲ್ಲ, ಅದಕ್ಕೇ ನಾನು ಹಿಡೀತಿದ್ದೀನಿ" ಎಂದೆ. ಗುರುತಿಲ್ಲದ ಕರು ಮೊದಲು ಕಂಡವರದಲ್ಲವೇ ಮೇಷ್ಟ್ರೇ?

ಬೆಳಕಿನ ನಡಿಗೆ ನನಗೆ ತುಸು ಅರ್ಥವಾಗುತ್ತಿದೆ. ಮೊದಲು ಪೂರ್ವದಿಂದ ಪಶ್ಚಿಮಕ್ಕೆ ಎಳೆದು ಕಟ್ಟಿದ ಹಗ್ಗದಂತೆ ಒಂದು ಕಮಾನು ಮೂಡುತ್ತದೆ. ಗಂಟೆಗಟ್ಟಲೆ ಅಲುಗುವುದಿಲ್ಲವೆಂದು ತೋರುತ್ತದೆ; ಆದರೆ ನಕ್ಷತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಕೂದಲೆಳೆಯಷ್ಟಾಗಿ ದಕ್ಷಿಣಕ್ಕೆ ಸರಿಯುತ್ತಿರುತ್ತದೆ, ತೋಳದ ವಾಸನೆ ಹಿಡಿದ ಹಿಂಡು ಮೇಯುತ್ತಲೇ ಜಾಗ ಬಿಡುವ ಹಾಗೆ. ಅಷ್ಟು ಮೆಲ್ಲಗೆ ಸರಿಯುವುದಕ್ಕೆ ಏನೋ ಕಾರಣವಿರಬೇಕು.

ಅಜ್ಜಿ ಗಾದ್ಯಾ ಚೆನ್ನಾಗಿದ್ದಾಳೆ. ನಿಮ್ಮ ಹೆಸರು ಕೇಳಿ, "ಲೇರ್ವಿಕ್ ಅಂದ್ರೆ ಯಾವ ಮನೆ? ಕಡಲ ತೀರದವರಾ?" ಎಂದು ವಿಚಾರಿಸಿದಳು. ನನಗೆ ಗೊತ್ತಿಲ್ಲವೆಂದೆ.

ನಿಮ್ಮ ವಿದ್ಯಾರ್ಥಿನಿ,
ರೌನಾ ಉತ್ಸಿ


ಸ್ಟೈನ್‌ನೆಸ್
೨೦ ನವೆಂಬರ್ ೧೯೫೭

ನಲ್ಮೆಯ ರೌನಾ,

ನಿನ್ನ ನಮೂನೆಗಳನ್ನು ಮೂರು ಸಲ ಓದಿದೆ. ಕಮಾನು ದಕ್ಷಿಣಕ್ಕೆ ಸರಿಯುವುದನ್ನು ಇಷ್ಟು ಸೂಕ್ಷ್ಮವಾಗಿ ಬೇರೆ ಯಾವ ಠಾಣೆಯವರೂ ಗುರುತಿಸಿಲ್ಲ. ಇಷ್ಟು ಹೇಳಿದ ಮೇಲೆ ಮೇಷ್ಟ್ರಾದವನು ಇನ್ನೊಂದನ್ನೂ ಹೇಳಬೇಕು.

ಹದಿನಾರು ಸಂಜೆಗಳಲ್ಲಿ ಒಂಬತ್ತರಲ್ಲಿ ನೀನು ಕೆಲಸವನ್ನು ನಡುವೆಯೇ ಕೈಬಿಟ್ಟಿದ್ದೀಯೆ. "೮.೪೨, ನಿಲ್ಲಿಸಿದೆ." "೯.೧೫, ನಿಲ್ಲಿಸಿದೆ." ಆಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಖಾಲಿ ಸಾಲುಗಳು. ನೆರೆಯ ಠಾಣೆಗಳ ನಮೂನೆಗಳೊಂದಿಗೆ ಹೋಲಿಸಿದಾಗ ನನಗೆ ಬಹಳ ಬೇಸರವಾಯಿತು: ಪ್ರತಿ ಸಲವೂ ನೀನು ನಿಲ್ಲಿಸಿದ ಎರಡು ಮೂರು ನಿಮಿಷಗಳೊಳಗೇ ಅವರೆಲ್ಲ ಬೆಳಕು ಒಮ್ಮೆಲೇ ಸಿಡಿಯುವ ಸ್ಫೋಟವನ್ನು ಕಂಡಿದ್ದಾರೆ. ಎಂಥ ದುರದೃಷ್ಟ! ಇಡೀ ಸಂಜೆ ಕಾದವಳು ಫಲದ ಹೊತ್ತಿಗೆ ಅಲ್ಲಿರುವುದಿಲ್ಲ.

ದಣಿವೆಂದು ನನಗೆ ಗೊತ್ತು. ಹಗಲೆಲ್ಲ ಹಿಂಡಿನ ಹಿಂದೆ ಸ್ಕೀ ಮೇಲೆ ಓಡಿದ ಮೈಗೆ ನಿದ್ದೆ ಬರುವುದು ತಪ್ಪಲ್ಲ. ದಣಿದ ಕಣ್ಣು ಮಂಕಾಗುತ್ತದೆ ಎನ್ನಲು ಇನ್ನೊಂದು ಗುರುತು ಸಿಕ್ಕಿತು: ನಿಲ್ಲಿಸುವ ಮುಂಚಿನ ಸಾಲಿನಲ್ಲಿ ಕಾಂತಿ ಎರಡರಿಂದ ಒಂದಕ್ಕೆ ಇಳಿಯಿತೆಂದು ಬರೆದಿದ್ದೀಯೆ. ಸ್ಫೋಟಕ್ಕೆ ಮುಂಚೆ ಬೆಳಕು ಏರಬೇಕಲ್ಲದೆ ಇಳಿಯುವುದೆಂತು? ಆ ಒಂದುಗಳನ್ನು ನಾನು ಪೆನ್ಸಿಲ್ಲಿನಲ್ಲಿ ಎರಡು ಮಾಡಿದ್ದೇನೆ. ಡಾಕ್ಟರ್ ವೆಡೆಲ್ ಅವರ ಎದುರು ನಿನ್ನ ಹೆಸರು ಕೆಡಬಾರದೆಂಬುದಷ್ಟೇ ನನ್ನ ಉದ್ದೇಶ.

ಎರಡು ಪೊಟ್ಟಣ ಕಾಫಿ ಕಳಿಸಿದ್ದೇನೆ. ಸಂಜೆ ಏಳಕ್ಕೊಮ್ಮೆ, ಒಂಬತ್ತಕ್ಕೊಮ್ಮೆ ಕುಡಿ.

ನಿನ್ನ ಏಳಿಗೆಯನ್ನೇ ಬಯಸುವ,
ಹಲ್ವಾರ್ ಲೇರ್ವಿಕ್


ಚಾಪ್ಪೆಸ್ ಕೆರೆಯ ಬಿಡಾರ
೮ ಡಿಸೆಂಬರ್ ೧೯೫೭

ಮೇಷ್ಟ್ರಿಗೆ,

ನವೆಂಬರಿನ ನಮೂನೆಗಳು ಇದರೊಂದಿಗಿವೆ. ಕಾಫಿಯನ್ನು ಚಿಕ್ಕಪ್ಪ ಕುಡಿದ. ಅವನಿಗೆ ಈಗ ನಿದ್ದೆ ಬರುತ್ತಿಲ್ಲ. ನಾನು ನಿದ್ದೆ ಮಾಡಿರಲಿಲ್ಲ.

ಕಾಣದ್ದನ್ನು ಬರೆಯಬೇಡವೆಂದು ನನಗೆ ಹೇಳಿಕೊಟ್ಟವರು ನೀವು. ನಿಮ್ಮ ಪೆನ್ಸಿಲ್ಲಿನ ಎರಡುಗಳನ್ನು ದಯವಿಟ್ಟು ಅಳಿಸಿ.

ರೌನಾ ಉತ್ಸಿ


ಸ್ಟೈನ್‌ನೆಸ್
೧೦ ಡಿಸೆಂಬರ್ ೧೯೫೭

ನಲ್ಮೆಯ ರೌನಾ,

ನಿನ್ನ ಉತ್ತರ ಬರುವ ಮೊದಲೇ ಈ ಕಾಗದ ಬರೆಯಬೇಕಾಗಿದೆ. ಮೊನ್ನೆ ದೋಣಿ ಹಿಡಿದು ವೀಕ್ಷಣಾಲಯಕ್ಕೆ ಹೋಗಿದ್ದೆ. ಡಾಕ್ಟರ್ ವೆಡೆಲ್ ಕೆಟ್ಟವರಲ್ಲ. ಆದರೆ ಖಾಲಿ ಸಾಲು ಕಂಡರೆ ಅವರಿಗೆ ಹಲ್ಲುನೋವು ಬಂದಂತಾಗುತ್ತದೆ. "ಲೇರ್ವಿಕ್ ಮೇಷ್ಟ್ರೇ, ನಿಮ್ಮ ಹದಿನೇಳನೇ ಠಾಣೆ ಹಬ್ಬದ ಊಟಕ್ಕೆ ಕರೆದ್ರೆ ಸಾರು ಕುಡಿದು, ಮಾಂಸ ಬರೋ ಹೊತ್ತಿಗೆ ಎದ್ದು ಹೋಗೋ ಅತಿಥಿ ಥರ ಇದೆಯಲ್ಲಾ?" ಎಂದರು. ಜನವರಿಯ ನಮೂನೆಗಳಲ್ಲೂ ಹೀಗೇ ಆದರೆ ಠಾಣೆ ಮುಚ್ಚಿ, ನಿನ್ನ ಚಳಿಗಾಲದ ಬರಹವನ್ನೆಲ್ಲ ಲೆಕ್ಕದಿಂದ ತೆಗೆದುಹಾಕುವರಂತೆ. ಹಾಗಾದರೆ ವಸಂತದ ಆಯ್ಕೆಯ ಮಾತೇ ಇಲ್ಲ.

ನನಗೊಂದು ದಾರಿ ತೋಚಿದೆ. ಚರ್ಚಿನ ಹಳ್ಳಿಯಲ್ಲಿ ಅಂಗಡಿಯವರ ಮಗನೊಬ್ಬ ಈ ಕೆಲಸಕ್ಕೆ ಸಿದ್ಧನಿದ್ದಾನೆ. ಒಂದು ತಿಂಗಳು ಅವನಿಗೆ ಒಪ್ಪಿಸಿ ನೀನು ವಿಶ್ರಾಂತಿ ತೆಗೆದುಕೊ. ಯೋಚಿಸಿ ತಿಳಿಸು.

ಹಲ್ವಾರ್ ಲೇರ್ವಿಕ್


ಸ್ಟೈನ್‌ನೆಸ್
೨೧ ಜನವರಿ ೧೯೫೮

ರೌನಾ,

ನಮ್ಮಿಬ್ಬರ ಡಿಸೆಂಬರಿನ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನಿನ್ನ ಆರು ಸಾಲುಗಳನ್ನು ನಾನು ಬಲು ದೀರ್ಘವಾಗಿ ಓದಿದ್ದೇನೆ. ಆಮೇಲೆ ಆರು ವಾರ ಕಳೆದವು. ಅಂಚೆಯ ಜಾರುಬಂಡಿ ಮೂರು ಸಲ ಬಂದು ಮೂರು ಸಲವೂ ನಿನ್ನದೇನೂ ಇಲ್ಲದೆ ಹೋಯಿತು.

ಅಂಗಡಿಯವರ ಮಗನಿಗೆ ನಾನು ಏನನ್ನೂ ಹೇಳಿಲ್ಲ. ಠಾಣೆ ನಿನ್ನದು. ನನ್ನ ಮೇಲೆ ಕೋಪವಿದ್ದರೆ ಕೋಪದಲ್ಲೇ ಬರೆ. ಬರೆಯದೆ ಮಾತ್ರ ಇರಬೇಡ. ಫೆಬ್ರವರಿ ಹದಿನೈದಕ್ಕೆ ವೆಡೆಲ್ ತೀರ್ಮಾನಿಸುತ್ತಾರೆ.

ಹಲ್ವಾರ್


ಚಾಪ್ಪೆಸ್ ಕೆರೆಯ ಬಿಡಾರ
೨ ಫೆಬ್ರವರಿ ೧೯೫೮

ಗೌರವಾನ್ವಿತ ಮೇಷ್ಟ್ರಿಗೆ,

ಕೋಪವಿತ್ತು. ಈಗ ಸ್ವಲ್ಪ ಮಾತ್ರ ಇದೆ. ಬರೆಯದಿದ್ದುದಕ್ಕೆ ಕಾರಣ ಕೋಪವೊಂದೇ ಅಲ್ಲ. ಈ ಕಾಗದದ ಜೊತೆಗಿರುವ ನೋಟ್‌ಬುಕ್ ತುಂಬಲೆಂದು ಕಾಯುತ್ತಿದ್ದೆ.

ನಡೆದದ್ದನ್ನು ನೇರವಾಗಿ ಹೇಳುತ್ತೇನೆ. ಬೆಳಕು ಕೆರಳುವ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಹೊರಗಿರುವಂತಿಲ್ಲ. ಬೆರಳು ತೋರಿಸಬಾರದು, ಸಿಳ್ಳೆ ಹಾಕಬಾರದು, ಬರಿದಲೆಯಲ್ಲಿ ನಿಲ್ಲಬಾರದು. ಬಂಡಿ ಎಳೆಯುವ ಸಾರಂಗದ ಕೊರಳ ಗಂಟೆಯನ್ನೂ ಬಿಚ್ಚಿಡಬೇಕು. ಅಜ್ಜಿ ಕೂಗಿದರೆ ಒಳಗೆ ಹೋಗಬೇಕು. ನಾನು ಹೋಗುತ್ತಿದ್ದೆ. ಇಷ್ಟೇ ಆ ಖಾಲಿ ಸಾಲುಗಳ ಗುಟ್ಟು.

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳುತ್ತೀರಿ. ನಾನು ಹದಿಮೂರು ವರ್ಷದವಳಾಗಿದ್ದಾಗ, ವಸತಿಶಾಲೆಯ ಅಂಗಳದ ಮೇಲೆ ಬೆಳಕು ಎದ್ದ ಒಂದು ಸಂಜೆ, ನಾವು ಮಕ್ಕಳೆಲ್ಲ ಒಳಗೋಡಿದೆವು. ನೀವು ನಮ್ಮನ್ನು ಮತ್ತೆ ಹೊರಗೆ ಕರೆತಂದು, ಟೋಪಿ ತೆಗೆಸಿ ಸಾಲಾಗಿ ನಿಲ್ಲಿಸಿದಿರಿ. "ಇದು ಬರೀ ಬೆಳಕು ಮಕ್ಕಳೇ. ಉಳಿದದ್ದೆಲ್ಲ ಮೂಢನಂಬಿಕೆ" ಎಂದಿರಿ. ನಿಮ್ಮ ದನಿಯಲ್ಲಿ ಪ್ರೀತಿಯೇ ಇತ್ತು. ಆದರೂ ಅಂದಿನಿಂದ ಅಜ್ಜಿಯ ಮಾತನ್ನು ನಿಮ್ಮೆದುರು ಎತ್ತಲು ನನ್ನ ನಾಲಿಗೆ ಏಳಲಿಲ್ಲ. ಅವಳು ನಗೆಪಾಟಲಾಗುವುದಕ್ಕಿಂತ ನಾನು ಸೋಮಾರಿ ಎನಿಸಿಕೊಳ್ಳುವುದೇ ಮೇಲೆನಿಸಿತು.

ಈಗ ಮುಖ್ಯವಾದದ್ದು. ನಿಮ್ಮ ನವೆಂಬರಿನ ಕಾಗದ ಬಂದ ದಿನ ಸಿಟ್ಟಿನಿಂದ ಅಜ್ಜಿಗೆ ಹೇಳಿದೆ: "ನೀನು ಕೂಗೋದ್ರಿಂದ ನನ್ನ ಕೆಲಸ ಹೋಗತ್ತೆ. ಬೆಳಕು ಜೋರಾದ ಮೇಲಾದ್ರೂ ಕೂಗಬಾರದಾ? ಒಂದು ಕ್ಷಣ ನೋಡಿ ಒಳಗೆ ಬರ್ತೀನಿ."

ಅಜ್ಜಿ ಚಳಿಗೆಂದು ತೊಗಲುಬೂಟಿನೊಳಗೆ ಒಣಹುಲ್ಲು ತುಂಬುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಜೋರಾದ ಮೇಲೆ ಕೂಗಿ ಏನು ಪ್ರಯೋಜನ? ತೋಳ ಹಿಂಡಿಗೆ ಬಿದ್ದ ಮೇಲೆ ನಾಯಿ ಬೊಗಳಿದ ಹಾಗೆ. ನಾನು ಕೂಗೋದು ಅದು ಮಂಕಾದಾಗ."

"ಮಂಕಾದಾಗ?"

"ಹೂಂ. ಕಿರುಚೋಕೆ ಮುಂಚೆ ಮಗು ಉಸಿರು ಒಳಗೆ ಎಳ್ಕೊಳಲ್ವಾ? ಹಾಗೆ. ಬೆಳಕು ಉಸಿರೆಳ್ಕೊಳ್ತು ಅಂದ್ರೆ ಒಳಗೆ ಬಾ ಅಂತ ನನ್ನ ಅಮ್ಮ ಹೇಳ್ತಿದ್ಲು. ಅವಳ ಅಮ್ಮನೂ. ಇದೂ ಗೊತ್ತಿಲ್ವೇನೇ ನಿನಗೆ? ಶಾಲೆಗೆ ಕಳಿಸಿದ್ದು ದಂಡ."

ಮೇಷ್ಟ್ರೇ, ನನ್ನ ಒಂದುಗಳು ಸರಿಯಾಗಿದ್ದವು! ದಣಿದ ಕಣ್ಣಲ್ಲ, ಬೆಳಕೇ ಇಳಿದಿತ್ತು.

ಆಮೇಲೆ ಬಾನು ತಿಳಿಯಾದ ಮೊದಲ ಸಂಜೆಯಿಂದ ಹೀಗೆ ಮಾಡಿದೆ. ಅಜ್ಜಿ ಕರೆದೊಡನೆ ಗುಡಾರದೊಳಗೆ ಹೋಗಿ, ಒಲೆಯ ಬೆಂಕಿಯನ್ನು ಕೆಂಡಕ್ಕಿಳಿಸಿ, ಅಂಗಾತ ಮಲಗಿ, ನೆತ್ತಿಯ ಹೊಗೆಕಿಂಡಿಯಿಂದ ನೋಡಿದೆ. ಕಿಂಡಿಯಿಂದ ನೋಡಬಾರದೆಂಬ ಕಟ್ಟಳೆ ಇಲ್ಲ; ಅಜ್ಜಿಯನ್ನು ಕೇಳಿಯೇ ನೋಡಿದೆ. "ಹೊಗೆ ಹೋಗೋ ದಾರೀಲಿ ಕಣ್ಣು ಹೋದ್ರೆ ತಪ್ಪೇನು?" ಎಂದಳು. ಗುಡಾರದ ಕಂಬಗಳು ಅಲುಗುವುದಿಲ್ಲ. ಹಾಗಾಗಿ ಕಿಂಡಿಯಲ್ಲಿ ಕಾಣುವುದು ಯಾವಾಗಲೂ ನೆತ್ತಿಯ ಅದೇ ತುಂಡು. ಬಯಲಲ್ಲಿ ನಿಂತಾಗ ಕಣ್ಣು ಹೆಚ್ಚು ಹೊಳೆಯುವ ಕಡೆಗೇ ಓಡುತ್ತದೆ, ಮಂಕಾದ ಕಡೆ ನಿಲ್ಲುವುದಿಲ್ಲ. ಕಿಂಡಿ ಮಾತ್ರ ಓಡಲು ಬಿಡುವುದಿಲ್ಲ. ಮಿಕ್ಕ ಠಾಣೆಯವರು ಇದನ್ನು ಕಾಣದಿರುವುದು ಅದಕ್ಕೇ ಇರಬೇಕು.

ಡಿಸೆಂಬರ್ ಹನ್ನೆರಡರಿಂದ ಜನವರಿ ಮೂವತ್ತರವರೆಗೆ ಹನ್ನೊಂದು ಸ್ಫೋಟಗಳನ್ನು ನಿಮಿಷ ನಿಮಿಷಕ್ಕೆ ಬರೆದಿದ್ದೇನೆ. ಒಂಬತ್ತರಲ್ಲಿ ಬೆಳಕು ಮೊದಲು ಮಂಕಾಯಿತು. ಒಂದರಿಂದ ಮೂರು ನಿಮಿಷದೊಳಗೆ ಸಿಡಿಯಿತು. ಎರಡರಲ್ಲಿ ಹಾಗಾಗಲಿಲ್ಲ. ಅವನ್ನೂ ಬರೆದಿದ್ದೇನೆ.

ನೋಟ್‌ಬುಕ್ಕನ್ನು ವೆಡೆಲ್ ಅವರಿಗೆ ತೋರಿಸಿ. ಅಜ್ಜಿಯ ಹೆಸರು ಮೊದಲ ಪುಟದಲ್ಲಿದೆ, ಅದನ್ನು ಮುಚ್ಚಬೇಡಿ. ಅದರಲ್ಲಿ ಪೆನ್ಸಿಲ್ಲು ಆಡಿಸಬೇಡಿ. ಇದನ್ನು ನೋಡಿದ ಮೇಲೂ ಠಾಣೆ ಮುಚ್ಚುವುದಾದರೆ ಮುಚ್ಚಲಿ.

ಅಜ್ಜಿ ನಿಮ್ಮ ಬಗ್ಗೆ ಇನ್ನೊಂದು ಮಾತು ಹೇಳಿದಳು. ಶರತ್ಕಾಲದಲ್ಲಿ ಹಿಂಡು ಕಡಲಿಂದ ಒಳನಾಡಿಗೆ ಏರುವಾಗ ಅವರು ತಂಗುತ್ತಿದ್ದ ಮನೆಯೊಂದಿತ್ತಂತೆ. ಆ ಮನೆಯ ಬೀರೆತ್ ಎಂಬಾಕೆ ಒಣಮೀನು ಕೊಟ್ಟು ಸಾರಂಗದ ಮಾಂಸ ಪಡೆಯುತ್ತಿದ್ದಳಂತೆ. "ಅವಳಿಗೊಬ್ಬ ಹುಡುಗ ಇದ್ದ, ಹಲ್ವಾರ್ ಅಂತ. ಬೆಳಕು ನೋಡ್ತಾ ಬಾಯಿ ಬಿಟ್ಕೊಂಡು ನಿಂತುಬಿಡ್ತಿದ್ದ. ಅವಳು ಕಾಲರ್ ಹಿಡಿದು ಒಳಗೆ ಎಳೀತಿದ್ಲು" ಎಂದಳು. ಆ ಹೆಸರಿನವರು ತೀರದಲ್ಲಿ ಬಹಳ ಮಂದಿ ಇದ್ದಾರು. ಕೇಳಿದ್ದನ್ನು ಬರೆದಿದ್ದೇನೆ, ಅಷ್ಟೆ.

ರೌನಾ


ಸ್ಟೈನ್‌ನೆಸ್
೧೭ ಫೆಬ್ರವರಿ ೧೯೫೮

ನನ್ನ ನಲ್ಮೆಯ ರೌನಾ,

ಆ ಹುಡುಗ ನಾನೇ.

ಈ ಒಂದು ವಾಕ್ಯ ಬರೆಯಲು ನನಗೆ ಐವತ್ತು ವರ್ಷ ಬೇಕಾಯಿತು. ನನ್ನ ತಾಯಿ ಬೀರೆತ್ ನಿಮ್ಮ ಭಾಷೆಯಲ್ಲೇ ನನ್ನನ್ನು ತೂಗಿದಳು, ಬೈದಳು, ಕೊರಳಪಟ್ಟಿ ಹಿಡಿದು ಒಳಗೆಳೆದಳು. ಉಪಾಧ್ಯಾಯರ ತರಬೇತಿಗೆ ಹೋದವನು ಆ ಭಾಷೆಯನ್ನು ಬಂದರಿನಲ್ಲೇ ಇಳಿಸಿ ಹೋದೆ. ಆಮೇಲೆ ಮೂವತ್ತು ವರ್ಷ ನಿಮ್ಮಂಥ ಮಕ್ಕಳ ಟೋಪಿ ತೆಗೆಸಿ ಅಂಗಳದಲ್ಲಿ ನಿಲ್ಲಿಸಿದೆ. ನಿಮ್ಮ ಭಯವನ್ನು ಕಳೆಯುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಅದರ ಜೊತೆಗೆ ಏನನ್ನು ಕಳೆದೆನೆಂದು ನಿನ್ನ ಕಾಗದ ಓದುವವರೆಗೂ ತಿಳಿಯಲಿಲ್ಲ. "ಉಸಿರೆಳೆದುಕೊಂಡಿತು, ಒಳಗೆ ಬಾ" ಎಂಬ ಸಾಲಿಗೆ ಬಂದಾಗ ನನ್ನ ತಾಯಿಯ ದನಿ ಕಿವಿಯಲ್ಲೇ ಕೇಳಿಸಿತು. ಅದೇ ಮಾತು, ಅದೇ ಗದರಿಕೆ. ಖಾಲಿ ಸಾಲುಗಳ ಅರ್ಥವನ್ನು ನಲವತ್ತಮೂರು ಠಾಣೆಗಳ ನಡುವೆ ತಿಳಿಯಬಹುದಾಗಿದ್ದವನು ನಾನೊಬ್ಬನೇ. ಆ ನಾನೇ ನಿನಗೆ ಕಾಫಿ ಕಳಿಸಿದೆ.

ಕ್ಷಮೆ ಕೇಳುತ್ತೇನೆ. ಕೇಳಿ ಸುಮ್ಮನೆ ಕುಳಿತಿಲ್ಲ. ಹದಿಮೂರರಂದು ಕಾಗದ ಬಂತು. ಹದಿನಾಲ್ಕರಂದು ಬಿರುಗಾಳಿಯಲ್ಲೇ ದೋಣಿ ಹಿಡಿದೆ.

ಹೋದೊಡನೆ ಡಾಕ್ಟರ್ ವೆಡೆಲ್ ಅವರ ಮೇಜಿನ ಮೇಲಿದ್ದ ನಿನ್ನ ನಮೂನೆಗಳನ್ನು ಎಳೆದುಕೊಂಡು, ಅವರ ಕಣ್ಣೆದುರೇ ನನ್ನ ಎರಡುಗಳನ್ನು ಅಳಿಸಿ ನಿನ್ನ ಒಂದುಗಳನ್ನು ಮತ್ತೆ ಬರೆದಿಟ್ಟೆ. "ಇದೇನು ಮಾಡ್ತಿದ್ದೀರಿ?" ಎಂದರು. "ನನ್ನ ಸುಳ್ಳನ್ನ ಒರೆಸ್ತಿದ್ದೀನಿ" ಎಂದೆ.

ನೋಟ್‌ಬುಕ್ ಓದಿದರು. ಮೊದಲು ನಕ್ಕರು. "ಹೊಗೆಕಿಂಡಿ! ನಾವು ಇಷ್ಟು ಕಷ್ಟಪಟ್ಟು ಇಡೀ ಆಕಾಶ ಹಿಡಿಯೋ ಕ್ಯಾಮೆರಾ ಕೂರಿಸಿದ್ದೀವಿ. ನಿಮ್ಮ ಹುಡುಗಿ ಅಡುಗೆ ಒಲೆ ಪಕ್ಕ ಮಲಗಿ ಧ್ರುವಪ್ರಭೆ ಅಳೀತಾಳಾ?"

"ನಿಮ್ಮ ಕ್ಯಾಮೆರಾ ನಿಮಿಷಕ್ಕೊಂದು ಚಿತ್ರ ತೆಗಿಯತ್ತಲ್ಲ, ಅದನ್ನೇ ಸಾಕ್ಷಿಗೆ ಕರೀರಿ" ಎಂದೆ. "ಅವಳು ತಪ್ಪಾದ್ರೆ ಠಾಣೆ ಮುಚ್ಚಿ, ನನ್ನ ಹೆಸರೂ ಪಟ್ಟಿಯಿಂದ ಹೊಡೆದುಹಾಕಿ."

ಬಹಳ ಹೊತ್ತು ಪುಟ ಮಗುಚಿದರು. ಹದಿನೈದರ ಗಡುವನ್ನು ಮುಂದೆ ಹಾಕಿದ್ದಾರೆ. ಚಳಿಗಾಲದ ಫಿಲ್ಮುಗಳನ್ನು ತೊಳೆದು ಮುಗಿಸಲು ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡ: ಅಜ್ಜಿ ಕರೆದಾಗ ಒಳಗೆ ಹೋಗು, ಕಿಂಡಿಯಿಂದ ನೋಡು, ಬರೆ.

ಬೀರೆತಳ ಮಗ,
ಹಲ್ವಾರ್


ವೀಕ್ಷಣಾಲಯದ ಅತಿಥಿಗೃಹದಿಂದ
೧೧ ಮಾರ್ಚ್ ೧೯೫೮

ರೌನಾ! ರೌನಾ!

ಪಾಠದ ಮಧ್ಯೆ ಕೂಗಬಾರದೆಂದು ನಿಮಗೆಲ್ಲ ಕಲಿಸಿದವನು ಈಗ ಕಾಗದದಲ್ಲಿ ಕೂಗುತ್ತಿದ್ದೇನೆ. ನಡೆದುದನ್ನು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಗಳಿಗೆ ಕಂಬಳಿ ಹೊದಿಸಿ, ಗೋಡೆಯ ಮೇಲೆ ಫಿಲ್ಮು ಬಿಟ್ಟರು. ನಿನ್ನ ಹನ್ನೊಂದು ಸ್ಫೋಟಗಳಲ್ಲಿ ನಾಲ್ಕು ನಡೆದಾಗ ಇಲ್ಲಿಯ ಬಾನೂ ತಿಳಿಯಾಗಿತ್ತು. ವೆಡೆಲ್ ಕೈಯಲ್ಲಿ ನಿನ್ನ ನೋಟ್‌ಬುಕ್. ಯಂತ್ರ ತಿರುಗಿಸುತ್ತಿದ್ದವಳು ಅಲ್ಲಿಯ ಸಹಾಯಕಿ ಕುಮಾರಿ ಡಾಲೆ, ಕಡುಮೌನಿ.

ಡಿಸೆಂಬರ್ ಹದಿನೆಂಟು. ನೀನು ಬರೆದಿದ್ದೆ: ೮.೫೧, ಎರಡು; ೮.೫೨, ಒಂದು; ೮.೫೪, ನಾಲ್ಕು. ಗೋಡೆಯ ಮೇಲೆ ಕಮಾನು ಬಂತು. ೮.೫೧, ಹಾಗೇ ಇತ್ತು. ೮.೫೨ರ ಚಿತ್ರ ಬಿದ್ದಾಗ ಯಾರೋ ದೀಪದ ಬತ್ತಿಯನ್ನು ತುಸು ಇಳಿಸಿದಂತಾಯಿತು. ವೆಡೆಲ್, "ಫಿಲ್ಮು ತೊಳೆದಿದ್ದು ಸರಿಯಾಗಿಲ್ಲ" ಎಂದರು. ಕುಮಾರಿ ಡಾಲೆ, "ತೊಳೆದವಳು ನಾನು" ಎಂದಳು. ೮.೫೪. ರೌನಾ, ಗೋಡೆ ಬೆಳ್ಳಗಾಯಿತು!

ಎರಡನೆಯ ಸ್ಫೋಟದಲ್ಲೂ ಹಾಗೆಯೇ, ನಿಮಿಷಕ್ಕೆ ನಿಮಿಷ. ವೆಡೆಲ್ ಕನ್ನಡಕ ಒರೆಸಿಕೊಂಡರು. ಮೂರನೆಯದಕ್ಕೆ ಬಂದಾಗ ಕಮಾನು ಮಂಕಾಗಲೇ ಇಲ್ಲ, ನೇರವಾಗಿ ಸಿಡಿಯಿತು. ವೆಡೆಲ್ ಮೆಲ್ಲಗೆ ಪುಟ ತಿರುವಿ, ದೀಪದ ಹತ್ತಿರ ಹಿಡಿದು, ನೀನು ಬರೆದುದನ್ನು ಗಟ್ಟಿಯಾಗಿ ಓದಿದರು: "ಜನವರಿ ಒಂಬತ್ತು. ಮಂಕಾಗಲಿಲ್ಲ. ಅಜ್ಜಿಗೆ ಕರೆಯಲು ಹೊತ್ತು ಸಿಗಲಿಲ್ಲ. ನೇರ ಸಿಡಿಯಿತು. ಇಬ್ಬರೂ ಬೆಚ್ಚಿದೆವು."

ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಮಂಕಾದದ್ದನ್ನ ಕಂಡೆ ಅನ್ನೋರು ನೂರು ಜನ ಸಿಗಬಹುದು. ಆಗದೇ ಇದ್ದಾಗ ಆಗಲಿಲ್ಲ ಅಂತ ಬರೆಯೋರು ನನಗೆ ಬೇಕು." ನಾಲ್ಕನೆಯದನ್ನು ನೋಡುವಾಗ ಅವರು ಮುಂದಿನ ಕುರ್ಚಿಗೆ ಬಂದು ಶಾಲಾಹುಡುಗನಂತೆ ಕುಳಿತಿದ್ದರು. ಅದೂ ತಾಳೆಯಾಯಿತು.

ಇಷ್ಟೇ ಆಗಿದ್ದರೂ ನನಗೆ ಸಾಕಿತ್ತು. ಮಧ್ಯಾಹ್ನ ಮೀನಿನ ಸಾರಿನ ತಟ್ಟೆ ಮುಂದಿಟ್ಟುಕೊಂಡಿದ್ದ ಕುಮಾರಿ ಡಾಲೆ ಚಮಚ ಕೆಳಗಿಟ್ಟು ಹೇಳಿದಳು: "ಡಾಕ್ಟರೇ, ಅಜ್ಜಿ ಕೂಗೋದು ಮಂಕಾದಾಗ. ಹುಡುಗಿ ಒಳಗೆ ಹೋಗೋದು ಕೂಗಿದಾಗ. ಹಾಗಾದ್ರೆ ಅಕ್ಟೋಬರಿಂದ ಅವಳು 'ನಿಲ್ಲಿಸಿದೆ' ಅಂತ ಬರೆದ ನಿಮಿಷ ಎಲ್ಲಾ..."

ವೆಡೆಲ್ ಸಾರನ್ನು ಬಿಟ್ಟು ಓಡಿದರು. ಹಬ್ಬದ ಊಟದ ಅತಿಥಿಯ ಮಾತನ್ನು ನೆನಪಿಸಬೇಕೆಂದು ನನ್ನ ನಾಲಿಗೆ ತುರಿಸಿತು, ಸಂತೋಷಕ್ಕೆ ಮರೆತೆ. ನಿನ್ನ ಅಕ್ಟೋಬರ್, ನವೆಂಬರಿನ ಇಪ್ಪತ್ತಾರು "ನಿಲ್ಲಿಸಿದೆ"ಗಳಲ್ಲಿ ಹದಿನಾಲ್ಕಕ್ಕೆ ಫಿಲ್ಮು ಸಿಕ್ಕಿತು. ಹನ್ನೆರಡರಲ್ಲಿ ಅದೇ ನಿಮಿಷಕ್ಕೆ ಬೆಳಕು ಇಳಿದಿದೆ. ನಾನು ದುರದೃಷ್ಟವೆಂದದ್ದು, ಅವರು ಹಲ್ಲುನೋವೆಂದದ್ದು, ಅದೇ ಖಾಲಿ ಸಾಲುಗಳ ಬಾಗಿಲಲ್ಲಿ ನಾವು ಹುಡುಕುತ್ತಿದ್ದುದು ಇಡೀ ಚಳಿಗಾಲ ನಿಂತಿತ್ತು.

ಹದಿನೇಳನೆಯ ಠಾಣೆ ಮುಚ್ಚುವುದಿಲ್ಲ. ವಸಂತದ ಆಯ್ಕೆ ನೀನೇ. ವೆಡೆಲ್ ಅವರ ಸ್ವಂತ ಕೈಬರಹದ ಪತ್ರ ಇದರೊಳಗಿದೆ. ಅವರದೊಂದೇ ಕೋರಿಕೆ: ಮಂಕಾಗುವುದರಿಂದ ಹಿಡಿದು ಸ್ಫೋಟ ಮುಗಿಯುವವರೆಗೆ ಒಂದೇ ಒಂದು ಸಂಜೆಯಾದರೂ ಬಯಲಲ್ಲಿ ನಿಂತು ಬರೆದ ಪೂರ್ಣ ನಮೂನೆ. ಆದರೆ ಅದನ್ನು ಅಜ್ಜಿಯ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ನಾನು ಹೇಳಿದ್ದೇನೆ. ಒಪ್ಪದಿದ್ದರೆ ಕಿಂಡಿಯೇ ಸಾಕು.

ನಿನ್ನ ಬಗ್ಗೆ ಹೆಮ್ಮೆಪಡುವ,
ಹಲ್ವಾರ್


ಚಾಪ್ಪೆಸ್ ಕೆರೆಯ ಬಿಡಾರ
೨೪ ಮಾರ್ಚ್ ೧೯೫೮

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು ಅಜ್ಜಿಗೂ ಚಿಕ್ಕಪ್ಪನಿಗೂ ಓದಿ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿ, "ಇಷ್ಟು ತಿಳಿಯೋಕೆ ಅವರಿಗೆ ಕ್ಯಾಮೆರಾ ಬೇಕಾಯ್ತಾ? ಪಾಪ, ಅವರಿಗೆ ಅಜ್ಜಿ ಇರಲಿಲ್ವೇನೋ" ಎಂದಳು. ಚಿಕ್ಕಪ್ಪ ಮಾತ್ರ ನನ್ನ ಹೆಗಲು ಬಡಿದು, "ಕೊನೆಗೂ ಆ ಕರುವಿನ ಕಿವಿಗೆ ನಮ್ಮ ಮನೆ ಗುರುತು ಬಿತ್ತು" ಎಂದು ಕಣ್ಣೊರೆಸಿಕೊಂಡ. ಹೊಗೆ ಎಂದು ನೆಪ ಹೇಳಿದ; ಒಲೆ ಹಚ್ಚಿರಲಿಲ್ಲ.

ವೆಡೆಲ್ ಅವರ ಕೋರಿಕೆ ಹೇಳಿದಾಗ ಅಜ್ಜಿ ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ಸಂಜೆ ತಾನೇ ನನ್ನ ತಲೆಗೆ ಎರಡು ಸುತ್ತು ಶಾಲು ಬಿಗಿದಳು. "ಬೆರಳು ತೋರಿಸಬೇಡ. ಬಾಯಿ ಬಿಡಬೇಡ. ನಾನೂ ಬರ್ತೀನಿ." ಚಿಕ್ಕಪ್ಪ ಸಾರಂಗಗಳ ಗಂಟೆ ಬಿಚ್ಚಿದ. ಮೂವರೂ ಕೆರೆಯ ಹಿಮದ ಮೇಲೆ ನಿಂತೆವು.

ಕಮಾನು ಎಂದಿನಂತೆ ದಕ್ಷಿಣಕ್ಕೆ ಸರಿದು ಬಂತು. ೯.೨೬ಕ್ಕೆ ಮಂಕಾಯಿತು. ಅಜ್ಜಿಯ ಕೈ ನನ್ನ ತೋಳನ್ನು ಹಿಡಿಯಿತು, ಎಳೆಯಲಿಲ್ಲ. ೯.೨೮ಕ್ಕೆ ಕಮಾನಿನ ಕೆಳಗಂಚು ಒಂದು ಕಡೆ ಹೊತ್ತಿಕೊಂಡಿತು, ಆ ಉರಿ ಹಗ್ಗದುದ್ದಕ್ಕೂ ಪಶ್ಚಿಮಕ್ಕೆ ಓಡಿತು, ಓಡುತ್ತಲೇ ಸುರುಳಿ ಸುರುಳಿಯಾಗಿ ಬಿಚ್ಚಿತು, ಚಿಕ್ಕಪ್ಪ ಹಗ್ಗ ಬೀಸಿ ಒಗೆದಂತೆ. ಆಮೇಲೆ ಇಡೀ ಪರದೆ ಉತ್ತರಕ್ಕೆ ಹಾರಿತು. ನೆತ್ತಿಯ ಮೇಲೆ ಎಲ್ಲ ಕಿರಣಗಳೂ ಒಂದೆಡೆ ಕೂಡಿದವು, ಗುಡಾರದ ಕಂಬಗಳು ಕಿಂಡಿಯಲ್ಲಿ ಕೂಡುವ ಹಾಗೆ, ಆಕಾಶವೇ ಗುಡಾರವಾಯಿತು. ಹಸಿರು, ಅಂಚಿಗೆ ನೇರಳೆ. ಹಿಮದ ಮೇಲೆ ನಮ್ಮ ಮೂವರ ನೆರಳು ಕಡುವಾಗಿ ಬಿತ್ತು. ನಾಲ್ಕು ಎಂದು ಬರೆದೆ. ಹತ್ತು ಗಂಟೆಗೆ ಎಲ್ಲ ಒಡೆದು ತುಣುಕುಗಳಾಗಿ, ಒಂದೊಂದೂ ಉಸಿರಾಡುವಂತೆ ಬೆಳಗಿ ಆರಿ, ಮತ್ತೆ ಬೆಳಗಿ, ಪೂರ್ವಕ್ಕೆ ತೇಲಿಹೋದವು. ಒಂದು ಸಾಲೂ ಖಾಲಿ ಬಿಟ್ಟಿಲ್ಲ. ನಮೂನೆ ಇದರೊಳಗಿದೆ, ವೀಕ್ಷಕರ ಜಾಗದಲ್ಲಿ ಎರಡು ಹೆಸರುಗಳಿವೆ.

ಅಜ್ಜಿಗೆ ಎಪ್ಪತ್ತೆಂಟು. ಇಡೀ ಆಟವನ್ನು ಅವಳು ನೋಡಿದ್ದು ಇದೇ ಮೊದಲು. ಒಳಗೆ ಬಂದು ನನ್ನ ತಲೆಯ ಶಾಲು ಬಿಚ್ಚುತ್ತಾ, "ನಮ್ಮ ಅಮ್ಮನೂ ನೋಡಬೇಕಿತ್ತು" ಎಂದಳು.

ಸಾರಂಗಗಳು ಕರು ಹಾಕಿದ ಮೇಲೆ, ಜೂನಿನಲ್ಲಿ, ವೀಕ್ಷಣಾಲಯಕ್ಕೆ ಬರುತ್ತೇನೆಂದು ವೆಡೆಲ್ ಅವರಿಗೆ ಬರೆದಿದ್ದೇನೆ. ದಾರಿಯಲ್ಲಿ ಸ್ಟೈನ್‌ನೆಸ್‌ನಲ್ಲಿ ಇಳಿದು ನಿಮ್ಮ ಗಡಿಯಾರ ಹಿಂದಿರುಗಿಸುತ್ತೇನೆ.

ಅಜ್ಜಿ ನಿಮಗೊಂದು ಮಾತು ಹೇಳಿ ಕಳಿಸಿದ್ದಾಳೆ. ಅದನ್ನು ಶಾಲೆಯ ಭಾಷೆಯಲ್ಲಿ ಬರೆಯಲು ಬಿಡಲಿಲ್ಲ. ನಮ್ಮ ಮಾತಿನಲ್ಲೇ ಬರೆದಿದ್ದೇನೆ. ತಿಳಿಯದಿದ್ದರೆ ಹೇಳಿ, ಮುಂದಿನ ಅಂಚೆಗೆ ತರ್ಜುಮೆ ಮಾಡಿ ಕಳಿಸುತ್ತೇನೆ:

"ಬೀರೆತಳ ಮಗನೇ, ಬೆಳಕು ಉಸಿರೆಳ್ಕೊಂಡಾಗ ತಲೆಗೊಂದು ಬಟ್ಟೆ ಕಟ್ಟಿಕೋ. ಆಮೇಲೆ ಹೊರಗೇ ನಿಂತಿರು. ಈ ಸಲ ಯಾರೂ ಎಳೆಯಲ್ಲ."

ರೌನಾ


ಸ್ಟೈನ್‌ನೆಸ್
೩ ಏಪ್ರಿಲ್ ೧೯೫೮

ನನ್ನ ರೌನಾ,

ತರ್ಜುಮೆ ಬೇಡ.

ಹೊಸ ನಮೂನೆಗಳು ಅಚ್ಚಾಗಿ ಬಂದಿವೆ. ಮುಂದಿನ ಚಳಿಗಾಲಕ್ಕೆ ನಲವತ್ತಮೂರು ಠಾಣೆಗಳಿಗೂ ಹೋಗುತ್ತವೆ. ಹೊಸದಾಗಿ ಸೇರಿಸಿದ ಅಂಕಣದ ತಲೆಯಲ್ಲಿ "ಮಂಕಾದ ನಿಮಿಷ" ಎಂದಿದೆ. ಮೊದಲ ಪ್ರತಿಯನ್ನು ನಾನು ಕೇಳಿ ಪಡೆದೆ. ಗಡಿಯಾರ ನಿನ್ನಲ್ಲೇ ಇರಲಿ. ಅಡುಗೆಮನೆಯ ಗೋಡೆಗಡಿಯಾರವನ್ನು ಕಿಟಕಿಗೆ ತಿರುಗಿಸಿಟ್ಟು, ನಿನ್ನೆ ನಾನೇ ಒಂದು ನಮೂನೆ ತುಂಬಿದೆ. ತಲೆಗೆ ತಾಯಿಯ ಹಳೆಯ ಶಾಲು ಕಟ್ಟಿದ್ದೆ. ವೀಕ್ಷಣಾಲಯಕ್ಕೆ ಕಳಿಸುವ ಮೊದಲು ನೀನು ಒಮ್ಮೆ ತಿದ್ದಿಕೊಡಬೇಕು. ಈಗ ನೀನು ಮೇಷ್ಟ್ರು. ಕೊನೆಯ ಮೂರು ಸಾಲು ಹೀಗಿವೆ:

೧೦.೫೨. ಮಂಕಾಯಿತು.
೧೦.೫೪. ನಾಲ್ಕು.
ನಿಲ್ಲಿಸಲಿಲ್ಲ.

ಹಲ್ವಾರ್